ವಪೆ ಎಂಬ ಎರಡಕ್ಷರದ ಪದ

ಗಡಿನಾಡಿನ ಹೆತ್ತವರಲ್ಲಿ ಒಂದು ವಿಜ್ಞಾಪನೆ.

ಕನ್ನಡದ ಜೀವಶಾಸ್ತ್ರ ಪುಸ್ತಕದಲ್ಲಿ ಉಸಿರಾಟದ ಪಾಠವನ್ನೊಮ್ಮೆ ತೆರೆದು ನೋಡಿ. ‘ವಪೆ’ ಎಂಬ ಪದವೊಂದು ಎದುರಾಗುತ್ತದೆ. ನಮ್ಮ ಕಾಸರಗೋಡಿನಲ್ಲಿ ಮನೆಯಲ್ಲಾಗಲಿ ಪೇಟೆಯಲ್ಲಾಗಲಿ ಯಾರೂ ಆಡದ ಮಾತಿದು. “ಇಂಥ ಪದಗಳನ್ನು ಹೊತ್ತುಕೊಂಡು ಮಕ್ಕಳು ಎಲ್ಲಿಗೆ ಮುಟ್ಟಿಯಾರು? ಇಂಗ್ಲಿಷ್ ಮಾಧ್ಯಮವೇ ಲೇಸು” ಎಂದು ನನ್ನೊಡನೆ ಹೇಳಿದ ಹೆತ್ತವರು ಹಲವರು. ಅವರ ಆತಂಕ ಹುಸಿಯಲ್ಲ. ಆದರೂ ತೀರ್ಮಾನಕ್ಕೆ ಬರುವ ಮುನ್ನ ಈ ಒಂದು ಪದವನ್ನು ನನ್ನೊಡನೆ ಪರಿಶೀಲಿಸಬೇಕೆಂದು ಕೋರುತ್ತೇನೆ.

ಎದೆಗೂಡನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ, ಗುಮ್ಮಟದಂತೆ ಮೇಲಕ್ಕೆ ಬಾಗಿದ ತೆಳುವಾದ ಸ್ನಾಯುವಿನ ಹಾಳೆಯೇ ವಪೆ. ಅನ್ನನಾಳವೂ ದೊಡ್ಡ ರಕ್ತನಾಳಗಳೂ ಅದರಲ್ಲಿರುವ ರಂಧ್ರಗಳ ಮೂಲಕ ಹಾದುಹೋಗುತ್ತವೆ. ಬಿಕ್ಕಳಿಕೆ ಬರುವುದು ಅದು ತಾನಾಗಿಯೇ ಥಟ್ಟನೆ ಸಂಕುಚಿಸುವುದರಿಂದ. ಸಂಸ್ಕೃತದಲ್ಲಿ ‘ವಪಾ’ ಎಂದರೆ ಕರುಳನ್ನು ಹೊದೆದಿರುವ ಕೊಬ್ಬಿನ ಪೊರೆ. ಇಂದಿನ ಕನ್ನಡ ವಿಜ್ಞಾನ ಬರಹದಲ್ಲಿ ಪದ ಅದೇ, ಅದು ಸೂಚಿಸುವ ಅಂಗ ಬೇರೆ. ಆದುದರಿಂದ ಹಳೆಯ ನಿಘಂಟನ್ನು ಮಾತ್ರ ನೋಡಿ ಮಗುವಿಗೆ ಅರ್ಥ ಹೇಳಿದರೆ ದಾರಿ ತಪ್ಪುತ್ತದೆ. ಇಂಥ ಪದಗಳನ್ನು ಬಳಕೆಯಿಂದಲೇ ತಿಳಿಯಬೇಕು.

ಬಳಕೆಯಲ್ಲಿಯೂ ಒಂದು ತೊಡಕಿದೆ. “ಉಸಿರೆಳೆದುಕೊಳ್ಳುವಾಗ ವಪೆ ಸಂಕುಚಿಸುತ್ತದೆ” ಎಂಬ ವಾಕ್ಯವನ್ನು ಓದಿದ ಮಗು ಎದೆಯೂ ಕುಗ್ಗುತ್ತದೆಂದು ಭಾವಿಸುವುದು ಸಹಜ. ನಡೆಯುವುದು ಅದಕ್ಕೆ ವಿರುದ್ಧ. ಸಂಕುಚಿಸಿದ ವಪೆ ಚಪ್ಪಟೆಯಾಗಿ ಕೆಳಗಿಳಿಯುತ್ತದೆ, ಎದೆಗೂಡಿನ ಒಳಗಿನ ಜಾಗ ಹಿಗ್ಗುತ್ತದೆ, ಅಲ್ಲಿನ ಒತ್ತಡ ಇಳಿಯುತ್ತದೆ, ಹೊರಗಿನ ಗಾಳಿ ಒಳನುಗ್ಗುತ್ತದೆ. ಈ ನಾಲ್ಕು ಹೆಜ್ಜೆಗಳನ್ನು ಮಗುವಿನ ಭಾಷೆಯಲ್ಲಿ ನಿಧಾನವಾಗಿ ಬಿಡಿಸಿ ಹೇಳುವವರು ಬೇಕು.

ನನ್ನ ಮಗಳಿಗೆ ಒಂದು ವರ್ಷ ಅಂಥವರು ಸಿಗಲಿಲ್ಲ. ಕನ್ನಡ ತರಗತಿಗೆ ಜೀವಶಾಸ್ತ್ರ ಕಲಿಸಲು ಬಂದವರಿಗೆ ಕನ್ನಡವೇ ತಿಳಿದಿರಲಿಲ್ಲ. ಚಿತ್ರ ಕರಿಹಲಗೆಯ ಮೇಲೆ ಬಂತು, ಪದ ನೋಟ್ಸಿಗೆ ಇಳಿಯಿತು. ಪರೀಕ್ಷೆಯಲ್ಲಿ ಅವಳು ಆ ವಾಕ್ಯವನ್ನು ತಪ್ಪಿಲ್ಲದೆ ಬರೆದು ಪೂರ್ಣ ಅಂಕ ಪಡೆದಳು. “ವಪೆ ಎಲ್ಲಿದೆ, ತೋರಿಸು ಮಗಾ” ಎಂದಾಗ ಕೈ ಗಂಟಲಿಗೆ ಹೋಯಿತು. ಪಕ್ಕೆಲುಬುಗಳ ಕೆಳಗೆ, ಹೊಟ್ಟೆಯ ಮೇಲ್ಭಾಗದಲ್ಲಿ ಅಂಗೈ ಇರಿಸಿ ದೀರ್ಘವಾಗಿ ಉಸಿರೆಳೆಯುವಂತೆ ಹೇಳಿದೆ. ಹೊಟ್ಟೆ ಉಬ್ಬಿ ಕೈಯನ್ನು ತಳ್ಳಿತು. “ಒಳಗೆ ಅದು ಕೆಳಗಿಳಿದದ್ದಲ್ಲವೇ?” ಎಂದು ಅವಳೇ ಕೇಳಿದಳು.

ಇನ್ನು ನೆರೆಯವರನ್ನು ನೋಡೋಣ. ತಮಿಳರು ಇದನ್ನೇ ‘ಉದರವಿತಾನಂ’ ಎನ್ನುತ್ತಾರೆ, ಹೊಟ್ಟೆಯ ಮೇಲ್ಕಟ್ಟು ಎಂಬ ಅರ್ಥದಲ್ಲಿ. ಮರಾಠಿಯಲ್ಲಿ ‘ಶ್ವಾಸಪಟಲ’. ಇಂಗ್ಲಿಷಿನ ‘ಡಯಾಫ್ರಮ್’ ಅಡ್ಡಗೋಡೆ ಎಂಬರ್ಥದ ಗ್ರೀಕ್ ಪದದಿಂದ ಬಂದದ್ದು. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ನಮ್ಮ ಮಗುವಿಗೆ ಅದೂ ಅಷ್ಟೇ ಅಪರಿಚಿತ. ಅಪರೂಪದ ಪದ ಎಲ್ಲ ಭಾಷೆಯ ಶಾಸ್ತ್ರದಲ್ಲಿಯೂ ಇದೆ. ಅದನ್ನು ವಿವರಿಸುವ ಸುತ್ತಲಿನ ಮಾತುಗಳು ಮಗುವಿಗೆ ತಿಳಿದಿವೆಯೇ ಎಂಬುದೇ ಮುಖ್ಯವಾದ ಪ್ರಶ್ನೆ.

1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಬೋಧನೆಯ ಸಾಕಷ್ಟು ಸೌಕರ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆನ್ನುತ್ತದೆ. ಆದರೆ ಅದು ಹೇಳುವುದು ಪ್ರಾಥಮಿಕ ಹಂತದ ಮಾತನ್ನು. ‘ವಪೆ’ಯಂಥ ಪದಗಳು ಸಾಲುಗಟ್ಟಿ ಬರುವುದು ಪ್ರೌಢಶಾಲೆಯಲ್ಲಿ. ಅಲ್ಲಿ ಕನ್ನಡ ಬಲ್ಲ ಅಧ್ಯಾಪಕರು ಬೇಕೆಂದು ಕೇಳಬೇಕಾದವರು ನಾವು. ಪಿಟಿಎ ಸಭೆಯಲ್ಲಿ ಕೇಳಿ, ಲಿಖಿತವಾಗಿಯೇ ಕೇಳಿ.

ಅಲ್ಲಿಯವರೆಗೆ ಮನೆಯಲ್ಲಿ ಒಂದು ನೋಟುಪುಸ್ತಕ ಇರಲಿ. ಎಡಗಡೆ ಕನ್ನಡ ಪದ, ಬಲಗಡೆ ಇಂಗ್ಲಿಷ್ ಪದ, ಅವುಗಳ ಕೆಳಗೆ ಮಗು ತನ್ನದೇ ಮಾತಿನಲ್ಲಿ ಬರೆದ ಒಂದು ವಾಕ್ಯ. ಮುಂದೆ ಕಾಲೇಜಿನಲ್ಲಿ ‘ಡಯಾಫ್ರಮ್’ ಎದುರಾದಾಗ ಅದು ಹೊಸ ಪಾಠವಾಗದು. ಬಲ್ಲ ಸಂಗತಿಗೆ ಇನ್ನೊಂದು ಹೆಸರಾದೀತು. ಇಂದು ಸಂಜೆಯೇ ನಿಮ್ಮ ಮಗುವನ್ನು ಹತ್ತಿರ ಕರೆದು, ವಪೆ ಎಲ್ಲಿದೆಯೆಂದು ಕೇಳಿ ನೋಡಿ.