ಮಾವನ ಮನೆಯ ವೈಫೈ ಮತ್ತು ಚಿರೇಕಲ್ಲಿನ ಗೋಡೆ

ಇಂಜಿನಿಯರಿಂಗ್ ಓದಿದವರು ಊರಿಗೆ ಹೋದರೆ ಮೊದಲು ಸಿಗುವುದು ಚಹಾ, ಆಮೇಲೆ ಯಾರದೋ ಮನೆಯ ರೂಟರ್ ರಿಪೇರಿ :) ಕಾರವಾರದ ನಮ್ಮ ಮನೆಯಲ್ಲೂ ಇದೇ ಕತೆ, ಅಂಕೋಲೆಯ ಮಾವನ ಮನೆಯಲ್ಲೂ ಇದೇ.

ಕಳೆದ ಮಳೆಗಾಲದಲ್ಲಿ ಮಾವ ಫೋನ್ ಮಾಡಿ, "ತಮಾ, ನೆಟ್ ಬರೂದೇ ಇಲ್ಲ. ನೆಟ್‌ನವ್ರು ದೊಡ್ಡ ಪ್ಲಾನ್ ಹಾಕ್ಸಿ ಅಂತಾರೆ. ಹಾಕ್ಸೂದಾ?" ಅಂದರು. ಮಾವನ ಮಗಳಿಗೆ ಕೆಲಸದ ಸಂದರ್ಶನಗಳೆಲ್ಲ ಆನ್‌ಲೈನ್‌ನಲ್ಲೇ. ಎರಡು ಸಲ ಅರ್ಧಕ್ಕೇ ನಿಂತಿತ್ತಂತೆ. ಕಾರವಾರದಲ್ಲಿ ರೂಮ್ ಮಾಡುತ್ತೇನೆ ಅಂತ ಅವಳ ಹಠ. ಬಾಡಿಗೆ ಕೊಡಬೇಕಾದವರು ಮಾವ!

ನಾವೆಲ್ಲ ಮರೆಯುವ ವಿಷಯ ಒಂದಿದೆ. ಇಂಟರ್‌ನೆಟ್ ಬೇರೆ, ವೈಫೈ ಬೇರೆ. ಹೊರಗಿನಿಂದ ಬರುವ ಫೈಬರಿನ ಬೆಳಕನ್ನು ಕಂಪ್ಯೂಟರಿಗೆ ತಿಳಿಯುವ ಸಂಕೇತವಾಗಿ ಬದಲಿಸುವುದು ಮೋಡೆಮ್. ಬಂದದ್ದನ್ನು ಮನೆಯ ಫೋನು, ಟೀವಿ, ಲ್ಯಾಪ್‌ಟಾಪ್‌ಗಳಿಗೆ ಹಂಚುವುದು ರೂಟರ್. ಅದನ್ನು ತಂತಿಯಿಲ್ಲದೆ ರೇಡಿಯೋ ಅಲೆಯಲ್ಲಿ ಕಳಿಸುವುದು ಆಕ್ಸೆಸ್ ಪಾಯಿಂಟ್. ಈಗ ಮೂರೂ ಒಂದೇ ಡಬ್ಬಿಯಲ್ಲಿರುವುದರಿಂದ ಎಲ್ಲದಕ್ಕೂ 'ವೈಫೈ' ಅಂದುಬಿಡುತ್ತೇವೆ.

ನಾನು ಹೋಗಿ ಮೊದಲು ಲ್ಯಾಪ್‌ಟಾಪನ್ನು ರೂಟರಿಗೆ ತಂತಿಯಿಂದ ಜೋಡಿಸಿ ವೇಗ ಅಳೆದೆ. 100 ಎಂಬಿಪಿಎಸ್ ಪ್ಲಾನಿಗೆ 94 ಬಂತು. ಒಳಗಿನ ಕೋಣೆಯಲ್ಲಿ, ವೈಫೈ ಮೇಲೆ? ಬರೇ 3! ಅಂದರೆ ಪ್ಲಾನ್ ಸರಿ ಇದೆ, ಕೊನೆಯ ಹತ್ತು ಮೀಟರಿನಲ್ಲೇ ತೊಂದರೆ.

ಸಿಗ್ನಲ್ ಅಳೆಯುವುದು ಡಿಬಿಎಂ ಲೆಕ್ಕದಲ್ಲಿ. ಮೈನಸ್ ಸಂಖ್ಯೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 10 ಇಳಿದರೆ ಶಕ್ತಿ ಹತ್ತನೇ ಒಂದು ಪಾಲಾಗುತ್ತದೆ. ಜಗಲಿಯಲ್ಲಿ -50 ಇದ್ದದ್ದು ಕೋಣೆಯಲ್ಲಿ -80. ಅಂದರೆ ಸಾವಿರದಲ್ಲಿ ಒಂದು ಪಾಲು! ನಡುವೆ ಇದ್ದದ್ದು ಚಿರೇಕಲ್ಲಿನ ಎರಡು ದಪ್ಪ ಗೋಡೆ, ಅದೂ ಮಳೆಗೆ ನೆನೆದದ್ದು. ನೀರು ರೇಡಿಯೋ ಅಲೆಯನ್ನು ಹೀರುತ್ತದೆ.

ಇನ್ನು ಬ್ಯಾಂಡ್. 2.4 ಗಿಗಾಹರ್ಟ್ಸ್ ಗೋಡೆಯಾಚೆ ಸ್ವಲ್ಪ ದೂರ ಹೋಗುತ್ತದೆ, ಆದರೆ ನಿಧಾನ. 5 ಗಿಗಾಹರ್ಟ್ಸ್ ವೇಗ, ಆದರೆ ಗೋಡೆಗೆ ಬೇಗ ಸೋಲುತ್ತದೆ. ಭಾರತದಲ್ಲಿ 2.4ಕ್ಕೆ 2005ರಲ್ಲಿ, 5ರ ಹೆಚ್ಚಿನ ಭಾಗಕ್ಕೆ 2018ರಲ್ಲಿ ಲೈಸೆನ್ಸ್ ಬೇಡ ಅಂತಾಯಿತು. ಹಾಗಾಗಿ ಯಾರು ಬೇಕಾದರೂ ಬಳಸಬಹುದು, ಗದ್ದಲವೂ ಅಷ್ಟೇ. ಕಾರವಾರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ತೊಂದರೆ ಗೋಡೆಯದಲ್ಲ, ನೆರೆಯವರ ರೂಟರುಗಳದ್ದು. ಎಲ್ಲರೂ ಒಂದೇ ಚಾನೆಲ್‌ನಲ್ಲಿದ್ದರೆ ಮೀನುಪೇಟೆಯ ಹಾಗೆ, ಯಾರ ಮಾತೂ ಕೇಳಿಸುವುದಿಲ್ಲ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11, ಮೂರೇ. ಅಲ್ಲಿ ಚಾನೆಲ್ ಬದಲಿಸಿದರೆ ಸಾಕಾಯಿತು.

ಅಂಕೋಲೆಯಲ್ಲಿ ಅದು ಸಾಲದು. "ಎಕ್ಸ್‌ಟೆಂಡರ್ ತರ್ಲಾ?" ಅಂದರು ಮಾವ. ಬೇಡ ಅಂದೆ. ಅದು ಸೊರಗಿದ ಸಿಗ್ನಲ್ಲನ್ನೇ ಹಿಡಿದು ಮತ್ತೆ ಹೇಳುವ ಯಂತ್ರ. ಅದರ ಬದಲು ಮಾಡಿನ ಕೆಳಗೆ 15 ಮೀಟರ್ ಕೇಬಲ್ ಎಳೆದು, ಅಟ್ಟದ ಮೇಲಿದ್ದ ಹಳೇ ರೂಟರನ್ನು ಕೋಣೆಯಲ್ಲಿ ಆಕ್ಸೆಸ್ ಪಾಯಿಂಟ್ ಮಾಡಿದೆ. ಎರಡಕ್ಕೂ ಒಂದೇ ಎಸ್‌ಎಸ್‌ಐಡಿ, ಅಂದರೆ ಫೋನಿನಲ್ಲಿ ಕಾಣುವ ವೈಫೈ ಹೆಸರು, ಒಂದೇ ಪಾಸ್‌ವರ್ಡ್. ಮಾವನ ಮೊಬೈಲ್ ನಂಬರೇ ಪಾಸ್‌ವರ್ಡ್ ಆಗಿತ್ತು, ಅದನ್ನೂ ಬದಲಿಸಿದೆ. ಕೋಣೆಯಲ್ಲಿ 80 ಬಂತು.

ಖರ್ಚಾದದ್ದು ಕೇಬಲ್ಲಿಗೆ ಮಾತ್ರ. ರೂಮಿನ ಮಾತು ನಿಂತಿತು. ಮುಂದಿನ ಸಂದರ್ಶನ ಮುಕ್ಕಾಲು ಗಂಟೆ, ಒಂದು ಸಲವೂ ನಿಲ್ಲಲಿಲ್ಲ. ಫಲಿತಾಂಶ ಇನ್ನೂ ಬಂದಿಲ್ಲ. ಈ ಸಲ ಏನಾದರೂ ಅದು ಅವಳ ಉತ್ತರಗಳಿಂದ ಆಗುತ್ತದೆ, ಗೋಡೆಯಿಂದಲ್ಲ. ನಿಮಗೂ ಯಾರಾದರೂ ದೊಡ್ಡ ಪ್ಲಾನ್ ಹಾಕಿಸಿ ಅಂದರೆ, ದುಡ್ಡು ಕೊಡುವ ಮೊದಲು ಒಮ್ಮೆ ತಂತಿ ಜೋಡಿಸಿ ಅಳೆದು ನೋಡಿ.