ಇಂದು ನಗದು, ನಾಳೆ ಸಾಲ

ಅಂಗಡಿಯ ಗೋಡೆಗಳ ಮೇಲೆ ಬರೆಯಿಸುತ್ತಿದ್ದ ಈ ನಾಲ್ಕು ಮಾತುಗಳಿಗಿಂತ ಚಿಕ್ಕದಾದ ಅರ್ಥಶಾಸ್ತ್ರದ ಗ್ರಂಥವನ್ನು ನಾನು ಕಂಡಿಲ್ಲ. ನಾಳೆ ಎಂಬುದು ಎಂದಿಗೂ ಬಾರದು. ಆದುದರಿಂದ ಸಾಲವೂ ದೊರೆಯದು. ಇಲ್ಲವೆನ್ನುವ ಮುಜುಗರವನ್ನು ಗೋಡೆಗೆ ವಹಿಸಿ ವರ್ತಕನು ನಿಶ್ಚಿಂತೆಯಿಂದ ತಕ್ಕಡಿ ಹಿಡಿಯುತ್ತಿದ್ದ. ಕ್ರೆಡಿಟ್ ಕಾರ್ಡು ಬಂದು ಈ ಶಾಸ್ತ್ರವನ್ನೇ ತಲೆಕೆಳಗು ಮಾಡಿತು. ಕೊಳ್ಳುವವನು ಸಾಲದಲ್ಲಿ ಕೊಳ್ಳುತ್ತಾನೆ. ಮಾರುವವನು ನಗದು ಬಂದಿತೆಂದು ಹಿಗ್ಗುತ್ತಾನೆ. ನಡುವೆ ಬ್ಯಾಂಕು ಜಾಮೀನು ನಿಂತಿದೆಯೆಂದು ಇಬ್ಬರೂ ನಂಬಿರುತ್ತಾರೆ. ಆ ಜಾಮೀನಿನ ಷರತ್ತುಗಳನ್ನು ಸಣ್ಣಕ್ಷರಗಳಲ್ಲಿ ಅಚ್ಚು ಮಾಡಿರುವುದರಿಂದ ಅವನ್ನು ಓದಿದ ವರ್ತಕರು ವಿರಳ.

ಬಿಡದಿ ಕೈಗಾರಿಕಾ ಪ್ರದೇಶದ ಅಂಚಿನಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯಿದೆ. ಬೋಲ್ಟು, ಬೇರಿಂಗು, ತಾಮ್ರದ ತಂತಿ, ಡ್ರಿಲ್ಲಿಂಗ್ ಯಂತ್ರ ಮೊದಲಾದುವು ಅಲ್ಲಿ ದೊರೆಯುತ್ತವೆ. ಯಜಮಾನರ ಮಗ ನಮ್ಮ ಕಾಲೇಜಿನಲ್ಲಿ ಓದಿದವನು. ಆ ಸಲುಗೆಯಿಂದ ನಾನು ಆಗಾಗ ಅಲ್ಲಿನ ಸ್ಟೂಲಿನ ಮೇಲೆ ಕುಳಿತು ಕಾಫಿ ಕುಡಿಯುವುದುಂಟು. ಅವರ ತಂದೆಯವರ ಕಾಲದಲ್ಲಿ ಇದು ನೇಗಿಲು, ಗುದ್ದಲಿ, ಹಗ್ಗಗಳ ಅಂಗಡಿ. ಬರುವ ರೈತನ ಹೆಸರಷ್ಟೇ ಅಲ್ಲ, ಅವನ ತಾತನ ಹೆಸರೂ, ಜಮೀನಿನ ಮೇಲಿನ ಸಾಲವೂ ತಿಳಿದಿರುತ್ತಿತ್ತು. 1999ರ ಕೊನೆಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಕ್ವಾಲಿಸ್ ಗಾಡಿಗಳು ಹೊರಬೀಳತೊಡಗಿದವು. ತಟ್ಟೆ ಇಡ್ಲಿಗೆ ಹೆಸರಾದ ಊರು ಯಂತ್ರಗಳಿಗೂ ಹೆಸರಾಯಿತು. ಇಂದು ಅಂಗಡಿಗೆ ಬರುವವರ ಕೊರಳಲ್ಲಿ ಗುರುತಿನ ಚೀಟಿ ನೇತಾಡುತ್ತಿರುತ್ತದೆ; ಆದರೆ ಗುರುತು ಮಾತ್ರ ಯಾರಿಗೂ ಇಲ್ಲ.

ಕಳೆದ ವರ್ಷ ಅವರಿಗೊಂದು ದೂರವಾಣಿ ಕರೆ ಬಂದಿತು. ಹೊಸ ಗುತ್ತಿಗೆದಾರನಂತೆ, ಬಹು ಸೌಜನ್ಯದ ಮಾತು. ನಾಲ್ಕು ಡ್ರಿಲ್ಲಿಂಗ್ ಯಂತ್ರ, ಹತ್ತು ಸುರುಳಿ ತಾಮ್ರದ ತಂತಿ ಬೇಕು. ಕೆಲಸ ನಿಂತಿದೆ, ಇಂದೇ ಬೇಕು. ಬೆಲೆ ಹೇಳಿದಾಗ ಒಂದು ರೂಪಾಯಿಯನ್ನೂ ಚೌಕಾಸಿ ಮಾಡಲಿಲ್ಲ. ಮೂವತ್ತು ವರ್ಷ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಯಜಮಾನರಿಗೆ ಅಲ್ಲಿಯೇ ಸಂಶಯ ಬರಬೇಕಿತ್ತು, ಬರಲಿಲ್ಲ. ಹಣ ಪಾವತಿಯ ಲಿಂಕನ್ನು ಕಳುಹಿಸಿದರು. ಆತ ಕಾರ್ಡಿನಿಂದ ಅರವತ್ತೆರಡು ಸಾವಿರ ರೂಪಾಯಿ ಸಲ್ಲಿಸಿದ. ಬಾಡಿಗೆಯ ಗೂಡ್ಸ್ ಆಟೋ ಬಂದು ಸರಕನ್ನು ಹೊತ್ತೊಯ್ಯಿತು. ಹಣ ಖಾತೆಗೂ ಬಂದಿತು.

ಐದು ವಾರಗಳ ತರುವಾಯ ಅದೇ ಹಣ ಖಾತೆಯಿಂದ ಹೊರಟುಹೋಯಿತು. ಕಾರ್ಡು ಹೊರದೇಶದ್ದು. ಅದರ ನಿಜವಾದ ಒಡೆಯನು ತನ್ನ ಬ್ಯಾಂಕಿಗೆ “ಈ ಖರೀದಿ ನನ್ನದಲ್ಲ” ಎಂದು ಬರೆದುಕೊಟ್ಟಿದ್ದ. ಇದಕ್ಕೆ ಚಾರ್ಜ್‌ಬ್ಯಾಕ್ ಎಂದು ಹೆಸರು.

“ಬಂದ ದುಡ್ಡು ಹಿಂದಕ್ಕೆ ಹೋಗೋದು ಉಂಟೇ ಮೇಷ್ಟ್ರೇ?” ಎಂದು ಅವರು ನನ್ನನ್ನು ಕೇಳಿದರು. ಹಳಗನ್ನಡದ ವಿಭಕ್ತಿಪ್ರತ್ಯಯಗಳನ್ನು ಕೇಳಿದ್ದರೆ ಕೂಡಲೇ ಉತ್ತರ ಹೇಳುತ್ತಿದ್ದೆ. ಇದನ್ನು ತಿಳಿಯಲು ಕೆಲವು ದಿನಗಳೇ ಬೇಕಾದುವು.

ನಮ್ಮ ದೇಶದ ಬ್ಯಾಂಕುಗಳ ಕಾರ್ಡಿನಿಂದ ಅಂತರ್ಜಾಲದಲ್ಲಿ ಹಣ ತೆರುವಾಗ ಕಾರ್ಡಿನ ಅಂಕಿಗಳಷ್ಟೇ ಸಾಲವು. ಎರಡನೆಯ ಸಾಕ್ಷ್ಯವೊಂದು ಬೇಕು. ದೂರವಾಣಿಗೆ ಬರುವ ಒಟಿಪಿ ಅಂಥದು. 2009ರ ಆಗಸ್ಟ್ 1ರಿಂದ ರಿಸರ್ವ್ ಬ್ಯಾಂಕು ಮಾಡಿದ ಕಟ್ಟಳೆಯಿದು. ಹೊರದೇಶದ ಬ್ಯಾಂಕು ಕೊಟ್ಟ ಕಾರ್ಡಿಗೆ ಈ ಕಟ್ಟಳೆ ಅನ್ವಯಿಸದು. ಕದ್ದ ಅಂಕಿಗಳು ನುಸುಳುವ ಕಿಂಡಿ ಇದೇ. ವಿದೇಶೀಯರೊಡನೆ ವ್ಯವಹಾರವಿಲ್ಲದ ವರ್ತಕನು, ವಿದೇಶದ ಕಾರ್ಡುಗಳನ್ನು ಸ್ವೀಕರಿಸುವ ಸೌಕರ್ಯವನ್ನು ನಿಲ್ಲಿಸಿರೆಂದು ತನ್ನ ಬ್ಯಾಂಕಿಗೋ ಪಾವತಿ ಸಂಸ್ಥೆಗೋ ಬರೆದುಕೊಟ್ಟರೆ ಆ ಕಿಂಡಿ ಮುಚ್ಚುತ್ತದೆ. ಎಂಜಿನಿಯರುಗಳು ಬಂದಿಳಿಯುವ ವಸತಿಗೃಹಗಳವರು ಹಾಗೆ ಮಾಡಲಾರರು. ಅವರು ಅತಿಥಿ ಬಂದ ಮೇಲೆ ಕಾರ್ಡನ್ನು ಎದುರಿನಲ್ಲಿಯೇ ಯಂತ್ರಕ್ಕೆ ಹಾಕಿಸಿ ಹಣ ಪಡೆಯುವುದು ಕ್ಷೇಮ. ಇನ್ನೊಂದು ಹೂಟವೂ ಉಂಟು. “ಹೆಚ್ಚು ಹಣ ಕಳುಹಿಸುತ್ತೇನೆ, ಮಿಕ್ಕುದನ್ನು ನಮ್ಮ ಟ್ರಾವಲ್ ಏಜೆಂಟನಿಗೆ ಕೊಟ್ಟುಬಿಡಿ” ಎನ್ನುವವನು ಬಂದರೆ, ಏಜೆಂಟನೂ ಅವನೇ ಎಂದು ತಿಳಿಯತಕ್ಕದ್ದು. ಹಣ ಯಾವ ಕಾರ್ಡಿನಿಂದ ಬಂದಿತೋ ಅದೇ ಕಾರ್ಡಿಗೆ ಹಿಂದಿರುಗಬೇಕು.

ಕಾರ್ಡು ಕಣ್ಣೆದುರಿಗೇ ಇದ್ದು, ಚಿಪ್ಪನ್ನು ಯಂತ್ರ ಓದಿ, ಗಿರಾಕಿ ತನ್ನ ಕೈಯಿಂದಲೇ ಪಿನ್ ಒತ್ತಿದರೆ ವರ್ತಕನಿಗೆ ಭಯ ಕಡಿಮೆ. “ಚಿಪ್ಪು ಕೆಟ್ಟಿದೆ, ಉಜ್ಜಿ ನೋಡಿ” ಎಂದು ಹಿಂಬದಿಯ ಕಪ್ಪು ಪಟ್ಟಿಯನ್ನು ತೋರುವವನು ಸುಳ್ಳುಗಾರನೆಂದೇ ಅಲ್ಲ. ಆದರೆ ಅವನಿಗೆ ಬೇರೆ ಕಾರ್ಡು ಕೇಳಬೇಕು. 2021ರ ಜನವರಿಯಿಂದ ಐದು ಸಾವಿರ ರೂಪಾಯಿಯವರೆಗೆ ಪಿನ್ ಇಲ್ಲದೆಯೇ ಕಾರ್ಡನ್ನು ತಾಕಿಸಿ ಕೊಳ್ಳಬಹುದು. ಹದಿನಾಲ್ಕು ಸಾವಿರದ ಬಿಲ್ಲನ್ನು ಮೂರು ತುಂಡು ಮಾಡಿಸಿ ಮೂರು ಸಲ ತಾಕಿಸುವವನ ಲೆಕ್ಕಾಚಾರ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಂತ್ರದಿಂದ ಹೊರಬರುವ ಕಾಗದದ ವಿಷಯ ಯಾರೂ ಯೋಚಿಸುವುದಿಲ್ಲ. ಅದು ಶಾಖದಿಂದ ಅಚ್ಚಾಗುವ ಕಾಗದ. ತಗಡಿನ ಚಾವಣಿಯ ಕೆಳಗೆ ಕೆಲವು ತಿಂಗಳಿಟ್ಟರೆ ಬರಹವೆಲ್ಲ ಮಾಸಿ ಬೋಳಾಗುತ್ತದೆ. ತಕರಾರು ಬಂದ ದಿನ ಬ್ಯಾಂಕು ಕೇಳುವುದು ಅದನ್ನೇ. ಅಂದಂದೇ ಅದರ ಛಾಯಾಪ್ರತಿ ತೆಗೆದು, ಬಿಲ್ಲನ್ನೂ ಸರಕು ಒಯ್ದವನ ಸಹಿಯನ್ನೂ ಜೊತೆಗಿಡುವ ಅಂಗಡಿಯವರು ತಕರಾರಿನಲ್ಲಿ ಗೆಲ್ಲುವ ಸಂಭವ ಹೆಚ್ಚು. ಬ್ಯಾಂಕಿನ ಮೆಕ್ಯಾನಿಕ್ಕೆಂದು ಹೇಳಿಕೊಂಡು ಯಂತ್ರವನ್ನು ಬದಲಾಯಿಸಲು ಬರುವವನನ್ನು, ಬ್ಯಾಂಕಿಗೆ ಕರೆ ಮಾಡಿ ಕೇಳುವವರೆಗೆ ಹೊರಗೆ ಕೂರಿಸಬೇಕು.

ಈಗ ಕಾರ್ಡಿಗಿಂತ ಕ್ಯೂಆರ್ ಚೌಕದ್ದೇ ಹಾವಳಿ. ಸೈನ್ಯದ ಅಧಿಕಾರಿಯೆಂದು ಹೇಳಿಕೊಂಡು ಹೋಟೆಲಿಗೆ ನೂರು ಊಟ ಹೇಳಿ, “ಹಣ ಪಡೆಯಲು ಇದನ್ನು ಸ್ಕ್ಯಾನ್ ಮಾಡಿ” ಎಂದು ಚೌಕವೊಂದನ್ನು ಕಳುಹಿಸುವ ವಂಚಕರ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಹಣ ಪಡೆಯಲು ಸ್ಕ್ಯಾನೂ ಬೇಡ, ಪಿನ್ನೂ ಬೇಡ. ಅವು ಕೊಡುವುದಕ್ಕೆ ಮಾತ್ರ. ಗಿರಾಕಿಯು ತನ್ನ ಮೊಬೈಲಿನಲ್ಲಿ ತೋರುವ ಹಸಿರು ಗುರುತನ್ನೂ ನಂಬುವಂತಿಲ್ಲ, ಅದನ್ನು ಬರೆದುಕೊಡುವ ಖೋಟಾ ಆ್ಯಪುಗಳಿವೆ. ಅಂಗಡಿಯ ಸ್ವಂತ ಪೆಟ್ಟಿಗೆ ಕೂಗಬೇಕು, ಇಲ್ಲವೆ ಸ್ವಂತ ಖಾತೆ ತೋರಬೇಕು.

ನಮ್ಮವರ ನಿಜವಾದ ಅಡ್ಡಿ ಅಜ್ಞಾನವಲ್ಲ, ದಾಕ್ಷಿಣ್ಯ. “ಕೇಳಿದರೆ ಏನೆಂದುಕೊಂಡಾರೋ” ಎಂಬ ಅಳುಕು. ಹಿಂದೆ ಬೆಳ್ಳಿಯ ರೂಪಾಯಿಯನ್ನು ಗಿರಾಕಿಯ ಎದುರಿಗೇ ಕಲ್ಲಿನ ಮೇಲೆ ಠಣ್ಣೆನಿಸುತ್ತಿದ್ದರಲ್ಲ, ಆಗ ಯಾವ ಗೌಡರೂ ಯಾವ ಶಾನುಭೋಗರೂ ಮುನಿದುಕೊಂಡು ಹೋಗಲಿಲ್ಲ.

ಕಾರ್ಡು ಇಟ್ಟುಕೊಂಡವನಿಗೆ 2017ರ ಜುಲೈನ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಆಸರೆಯಿದೆ. ತನ್ನ ತಪ್ಪಿಲ್ಲದೆ ಹೊರಗಿನವರಿಂದ ಆದ ಮೋಸವನ್ನು ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ ಅವನು ನಷ್ಟ ಹೊರಬೇಕಾಗಿಲ್ಲ. ಅದು ನ್ಯಾಯವೇ. ವರ್ತಕನಿಗೆ ಮಾತ್ರ ತಾನು ಓದದೆ ಸಹಿ ಹಾಕಿದ ಒಪ್ಪಂದವೇ ಗತಿ. ಮೋಸ ತಿಳಿದ ಗಳಿಗೆಯಲ್ಲೇ 1930ಕ್ಕೆ ಕರೆ ಮಾಡಿದರೆ, ದುಡ್ಡು ಇನ್ನೂ ದಾರಿಯಲ್ಲಿದ್ದರೆ ತಡೆಯುವುದುಂಟು. ಯಜಮಾನರ ದುಡ್ಡು ದಾರಿಯಲ್ಲಿರಲಿಲ್ಲ, ಹೋದದ್ದು ಸರಕು. ಅವರು ಪೊಲೀಸರಿಗೆ ದೂರು ಕೊಟ್ಟರು, ಬ್ಯಾಂಕಿಗೂ ಬರೆದರು. ಒಂದು ಕಾಸೂ ಮರಳಲಿಲ್ಲ. ಮಗಳ ಕಾಲೇಜಿನ ಶುಲ್ಕಕ್ಕೆಂದು ತೆಗೆದಿರಿಸಿದ್ದ ಹಣದಿಂದ ಸಗಟು ವ್ಯಾಪಾರಿಯ ಬಾಕಿ ತೀರಿಸಿದರು.

ಈಗ ಅವರು ಅಪರಿಚಿತರಿಗೆ ಲಿಂಕನ್ನು ಕಳುಹಿಸುವುದಿಲ್ಲ. ಅಂಗಡಿಗೇ ಬಂದು, ಯಂತ್ರಕ್ಕೆ ಚಿಪ್ಪಿಟ್ಟು, ಪಿನ್ ಒತ್ತಿ ಸರಕು ಒಯ್ಯಬೇಕು. ಮೊನ್ನೆ ನಾನಿದ್ದಾಗಲೇ ಒಬ್ಬ ಗುತ್ತಿಗೆದಾರ ಫೋನಿನಲ್ಲಿ ರೇಗಿದ. ಯಜಮಾನರು ಶಾಂತವಾಗಿ, “ಬನ್ನಿ ಸ್ವಾಮಿ, ಕಾಫಿ ಕುಡ್ಕೊಂಡು ಹೋಗೋರಂತೆ” ಎಂದರು. ಆತ ಬರಲಿಲ್ಲ. ಸಂಜೆ ಅವನ ಗಾಡಿ ಎದುರಿನ ಅಂಗಡಿಯ ಮುಂದೆ ನಿಂತಿತ್ತು. ಆತ ನಿಜವಾದ ಗುತ್ತಿಗೆದಾರನೇ ಆಗಿದ್ದ.