ಎರಡನೇ ಸೂಜಿಗೆ ಯಾರಿರ್ತಾರೆ ದೊಡ್ಡಮ್ಮ?

ನನ್ನ ತಂಗಿ ಮಗಳು ಹುಟ್ಟಿ ಬೆಳೆದದ್ದೆಲ್ಲ ಅಮೆರಿಕದಲ್ಲಿ. ನರ್ಸಿಂಗ್ ಓದಿದ ಹುಡುಗಿ. ಓದು ಮುಗಿದ ವರ್ಷ ಒಂದು ತಂಡದ ಜೊತೆ ಗ್ವಾಟೆಮಾಲಾ ದೇಶದ ಬೆಟ್ಟದ ಊರುಗಳಿಗೆ ಎರಡು ವಾರದ ವೈದ್ಯಕೀಯ ಸೇವೆಗೆ ಹೋಗಿ ಬಂದಳು. ಅಲ್ಲಿಂದ ಅವಳು ಕಳಿಸಿದ ಫೋಟೋಗಳು ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ತಿಂಗಳುಗಟ್ಟಲೆ ಓಡಾಡಿದವು. ಬೆಟ್ಟ, ಮಂಜು, ಬಣ್ಣದ ಬಟ್ಟೆ ತೊಟ್ಟ ಹೆಂಗಸರು, ಬಿಪಿ ನೋಡುತ್ತಿರುವ ನಮ್ಮ ಹುಡುಗಿ. "ಎಷ್ಟು ಒಳ್ಳೆ ಕೆಲಸ!" ಅಂತ ಎಲ್ಲರೂ ಹೊಗಳಿದರು. ನಾನೂ ಹೊಗಳಿದೆ. ಮೂವತ್ತು ವರ್ಷಕ್ಕೂ ಹೆಚ್ಚು ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸಾಗಿದ್ದು ನಿವೃತ್ತಿಯಾಗಿ ತೀರ್ಥಹಳ್ಳಿಯಲ್ಲಿ ನೆಲೆಸಿದವಳು ನಾನು. ನಮ್ಮ ಕುಟುಂಬದಲ್ಲಿ ಇನ್ನೊಬ್ಬಳು ಅದೇ ಕೆಲಸ ಹಿಡಿದಳಲ್ಲ ಎಂಬ ಹೆಮ್ಮೆ ಬೇರೆ ಇತ್ತು.

2019ರ ಜನವರಿಯಲ್ಲಿ ನಮ್ಮಮ್ಮನ ವರ್ಷಾಂತಿಕಕ್ಕೆಂದು ಅವಳು ಮೂರು ವಾರ ರಜೆ ಹಾಕಿ ಬಂದಳು. ಆಗ ನಮ್ಮ ಕಡೆ ಯಾರ ಬಾಯಲ್ಲಿ ಕೇಳಿದರೂ ಒಂದೇ ಮಾತು, ಮಂಗನ ಕಾಯಿಲೆ. ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಡಿಸೆಂಬರ್‌ನಿಂದ ಜ್ವರ ಶುರುವಾಗಿ ಹಲವರ ಜೀವ ಹೋಗಿತ್ತು. ಆರೋಗ್ಯ ಇಲಾಖೆಯವರು ಊರೂರಿಗೆ ಹೋಗಿ ಲಸಿಕೆ ಹಾಕುತ್ತಿದ್ದರು. ಹೆಸರು ಬರೆಯಲು, ಎಣ್ಣೆ ಹಂಚಲು, ಮನೆಮನೆಗೆ ತಿಳಿಸಲು ಜನ ಸಾಲುತ್ತಿರಲಿಲ್ಲ. ನನ್ನ ಜೊತೆ ಕೆಲಸ ಮಾಡಿದ್ದ ಒಬ್ಬರು ಫೋನ್ ಮಾಡಿ, "ಸಿಸ್ಟರ್, ಒಂದೆರಡು ವಾರ ಬರ್ತೀರಾ?" ಅಂದರು. ಹೊರಡಲು ಬ್ಯಾಗು ತುಂಬುತ್ತಿದ್ದಾಗ ಹುಡುಗಿಯೂ ಬಂದು ನಿಂತಳು. "ದೊಡ್ಡಮ್ಮ, ನಾನೂ ಬರ್ತೀನಿ."

"ಬಾ. ಆದ್ರೆ ಇಲ್ಲಿ ನೀನು ಸೂಜಿ ಹಿಡಿಯೋ ಹಾಗಿಲ್ಲ. ಹೆಸರು ಬರೀಬೇಕು, ಬಾಟ್ಲಿ ಹೊರಬೇಕು, ಅಷ್ಟೇ," ಅಂದೆ. ಅವಳಿಗೆ ಅದೂ ಸರಿಯೇ.

ಮಲೆನಾಡಿನ ಹೊರಗಿನ ಓದುಗರಿಗಾಗಿ ಈ ಕಾಯಿಲೆಯ ಬಗ್ಗೆ ನಾಲ್ಕು ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು, ಸುತ್ತಲಿನ ಜನಕ್ಕೆ ಜ್ವರ ಬಂತು. ಭಾರತದಲ್ಲಿ ಎಂದೂ ಕಾಣಿಸದ ಹಳದಿ ಜ್ವರವೇ ಬಂತೇನೋ ಎಂದು ಮೊದಲು ಹೆದರಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿದಾಗ ಅದು ಅಲ್ಲಿಯವರೆಗೆ ಯಾರಿಗೂ ಗೊತ್ತಿಲ್ಲದ ಹೊಸ ವೈರಸ್ ಎಂದು ತಿಳಿಯಿತು. ಕಾಡಿನ ಹೆಸರೇ ಕಾಯಿಲೆಯ ಹೆಸರಾಯಿತು, ಕ್ಯಾಸನೂರು ಕಾಡಿನ ಕಾಯಿಲೆ, ಕೆಎಫ್‌ಡಿ. ಇದನ್ನು ಮನುಷ್ಯರಿಗೆ ತಗಲಿಸುವುದು ಮಂಗವಲ್ಲ, ಉಣುಗು. ಕಾಯಿಲೆಯಿಂದ ಮಂಗ ಸತ್ತು ಬಿದ್ದಾಗ ಅದರ ಮೈಮೇಲಿದ್ದ ಉಣುಗುಗಳು ನೆಲಕ್ಕಿಳಿಯುತ್ತವೆ. ದರಕಿನ ಮೇಲೆ ಕಣ್ಣಿಗೆ ಕಾಣಿಸದಷ್ಟು ಸಣ್ಣ ಮರಿ ಉಣುಗುಗಳು ಕಾದು ಕೂತಿರುತ್ತವೆ. ಅದಕ್ಕೇ ಕಾಯಿಲೆ ಶುರುವಾಗುವುದು ಮಳೆ ನಿಂತು ಎಲೆ ಉದುರುವ ಕಾಲಕ್ಕೆ. ಜೋರು ಜ್ವರ, ತಲೆ ಸಿಡಿತ, ಮೈಕೈ ನೋವು, ಕಣ್ಣು ಕೆಂಪು, ಕೆಲವರಿಗೆ ಒಸಡಿನಲ್ಲೋ ಮೂಗಿನಲ್ಲೋ ರಕ್ತ. ಒಮ್ಮೆ ಬಿಟ್ಟ ಜ್ವರ ವಾರದ ಮೇಲೆ ಮತ್ತೆ ಬಂದು ಮೆದುಳಿಗೆ ತಾಗುವುದೂ ಉಂಟು. ನೂರಕ್ಕೆ ಮೂರರಿಂದ ಐದು ಮಂದಿ ತೀರಿಹೋಗುತ್ತಾರೆ. ಇದಕ್ಕೆಂದೇ ಮದ್ದಿಲ್ಲ, ಬೇಗ ಆಸ್ಪತ್ರೆ ಸೇರಿದರೆ ಆರೈಕೆಯಿಂದ ಉಳಿಸಿಕೊಳ್ಳಬಹುದು. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ.

ತೀರ್ಥಹಳ್ಳಿಯಿಂದ ಹೊರಟು ಕವಲೇದುರ್ಗದ ಮಗ್ಗುಲಲ್ಲಿ ಹಾದು ನಗರ, ಹೊಸನಗರ, ಬಟ್ಟೆಮಲ್ಲಪ್ಪ ದಾಟಿ ಸಾಗರ ಸೇರಿದೆವು. ಹತ್ತು ಗಂಟೆಯಾದರೂ ಮಂಜು ಬಿಟ್ಟಿರಲಿಲ್ಲ. ನನ್ನ ತವರು ಹೊಸನಗರದ ಕಡೆ. 2014ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಇದೇ ಕಾಯಿಲೆ ಕಾಣಿಸಿಕೊಂಡಾಗ ಡ್ಯೂಟಿ ಮಾಡಿದ ನೆನಪು ಇನ್ನೂ ಹಸಿಯಾಗಿತ್ತು. ಹುಡುಗಿ ಮಾತ್ರ ಕಿಟಕಿಗೆ ಮುಖ ಒತ್ತಿ ಕೂತಿದ್ದಳು. "ಗ್ವಾಟೆಮಾಲಾ ಥರಾನೇ ಇದೆ ದೊಡ್ಡಮ್ಮ!" ಅಂದಳು. ನಾನು ನಕ್ಕೆ. ಅವಳಿಗೆ ನಮ್ಮೂರೇ ಪರದೇಶ!

ಮೊದಲ ಎರಡು ದಿನ ಹಗಲು ಹೊತ್ತಿನಲ್ಲಿ ಮನೆಗಳಿಗೆ ಹೋದರೆ ನಾಯಿ ಬಿಟ್ಟು ಬೇರೆ ಯಾರೂ ಸಿಗಲಿಲ್ಲ. ಅಡಿಕೆ ಕೊಯ್ಲಿನ ಕಾಲ ನೋಡಿ. ಗಂಡಸರು ಕೊನೆ ಕೊಯ್ಯಲು ತೋಟಕ್ಕೆ, ಹೆಂಗಸರು ದರಕು ತರಲು ಬೆಟ್ಟಕ್ಕೆ. ನಮ್ಮ ಜೊತೆಗಿದ್ದ ಆಶಾ ಕಾರ್ಯಕರ್ತೆ ಹೇಳಿದಳು, "ಅಮ್ಮಾ, ರಾತ್ರಿ ಬನ್ನಿ. ಅಡಿಕೆ ಸುಲಿಯೋ ಚಪ್ಪರದಲ್ಲಿ ಎಲ್ರೂ ಒಟ್ಟಿಗೆ ಸಿಗ್ತಾರೆ."

ಅವಳು ಹೇಳಿದ್ದು ಖರೆ. ಚಪ್ಪರದ ಬಲ್ಬಿನ ಕೆಳಗೆ ಹತ್ತಿಪ್ಪತ್ತು ಹೆಂಗಸರು ಮೆಟ್ಟುಗತ್ತಿ ಇಟ್ಟುಕೊಂಡು ಕೂತಿದ್ದರು. ನಾನು ಲಸಿಕೆ ವಿಷಯ ಶುರು ಮಾಡಿದೆ. ಒಂದು ತಿಂಗಳ ಅಂತರದಲ್ಲಿ ಎರಡು ಸೂಜಿ, ಆರೆಂಟು ತಿಂಗಳು ಕಳೆದು ಇನ್ನೊಂದು, ಆಮೇಲೆ ವರ್ಷಕ್ಕೊಂದು. ಒಂದೇ ಸೂಜಿ ಹಾಕಿಸಿಕೊಂಡು ಬಿಟ್ಟರೆ ಏನೂ ಉಪಯೋಗ ಇಲ್ಲ ಅಂದೆ. ಅರವತ್ತರ ಆಸುಪಾಸಿನ ಒಬ್ಬ ಅಮ್ಮ ಕೈ ನಿಲ್ಲಿಸದೆಯೇ ಮಾತಾಡಿದಳು.

"ಹೋದ ಸಲ ಸೂಜಿ ಹಾಕ್ಸ್‌ಕಂಡಿದ್ದೆ. ಎರಡು ದಿನ ಕೈ ಎತ್ತಕ್ಕಾಗ್ಲಿಲ್ಲ, ಉರಿ ಅಂದ್ರೆ ಉರಿ. ನಮ್ಗೆ ಕೂಲಿ ಡಬ್ಬದ ಲೆಕ್ಕದಾಗೆ. ನೀವು ಸೂಜಿ ಹಾಕಿ ಹೋಗ್ತೀರಿ. ಎರಡು ದಿನದ ನನ್ನ ಡಬ್ಬ ಯಾರು ತುಂಬ್ತಾರೆ, ನೀವು ಬತ್ತೀರಾ?"

ಚಪ್ಪರವೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಆ ಲಸಿಕೆಯ ಉರಿ ನನಗೂ ಗೊತ್ತು, ಕೈಗೆ ಹಾಕಿಸಿಕೊಂಡವಳು ನಾನು. ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? "ಕಾಡಿಗೆ ಹೋಗಬೇಡಿ" ಎಂಬ ಕರಪತ್ರವೂ ನಮ್ಮ ಚೀಲದಲ್ಲಿತ್ತು. ಕೊಟ್ಟಿಗೆಗೆ ದರಕು ಹಾಸದೆ ಗೊಬ್ಬರ ಎಲ್ಲಿಂದ, ಗೊಬ್ಬರ ಇಲ್ಲದೆ ತೋಟ ಎಲ್ಲಿಂದ, ತೋಟ ಇಲ್ಲದೆ ಅವಳ ಡಬ್ಬ ಎಲ್ಲಿಂದ? ಸೊಪ್ಪಿನ ಬೆಟ್ಟಕ್ಕೆ ಹೋಗಬೇಡ ಅಂದರೆ ಅನ್ನ ಉಣ್ಣಬೇಡ ಅಂದ ಹಾಗೆ.

ಹುಡುಗಿ ಒಂದು ಮಾತೂ ಆಡದೆ ಆ ಅಮ್ಮನ ಪಕ್ಕದಲ್ಲಿ ಕೂತು ಸಿಪ್ಪೆ ಬೇರೆ ಮಾಡಲು ಶುರು ಮಾಡಿದಳು. ಅವಳ ಅವಸ್ಥೆ ನೋಡಿ ಹೆಂಗಸರಿಗೆ ಇನ್ನೂ ನಗು. ಆದರೆ ಮಾತು ಬಿಚ್ಚಿಕೊಂಡಿತು. ಕೊನೆಗೆ ದಾರಿ ತೋರಿಸಿದವಳು ಆಶಾ ಕಾರ್ಯಕರ್ತೆಯೇ. ಎಲ್ಲರೂ ಒಂದೇ ದಿನ ಹಾಕಿಸಿಕೊಳ್ಳುವುದು ಬೇಡ, ಅರ್ಧ ಜನ ಇವತ್ತು, ಉಳಿದವರು ನಾಲ್ಕು ದಿನ ಬಿಟ್ಟು. ಕೈ ನೋವಿದ್ದವರ ಪಾಲನ್ನು ಉಳಿದವರು ಸುಲಿದುಕೊಡುವುದು. ಮುಯ್ಯಾಳಿನ ಲೆಕ್ಕದಂತೆ. ಮನೆಯ ಯಜಮಾನಿ, "ಆ ಎರಡು ದಿನದ ಊಟ, ಕಾಪಿ ನಮ್ಮನೇದೇ," ಅಂದರು. ಮಾರನೇ ದಿನ ಸೂಜಿಗೆ ಮೊದಲು ತೋಳು ಚಾಚಿದ್ದು ಅದೇ ಅಮ್ಮ.

ಎಣ್ಣೆಯ ಕತೆ ಇನ್ನೊಂದು. ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಹಚ್ಚಿಕೊಳ್ಳಲಿ ಎಂದು ಆಗ ಡಿಎಂಪಿ ಎಣ್ಣೆ ಕೊಡುತ್ತಿದ್ದರು. ಎಷ್ಟೋ ಮನೆಗಳಲ್ಲಿ ಬಾಟ್ಲಿ ದೇವರ ಗೂಡಿನ ಪಕ್ಕ ಸೀಲು ಒಡೆಯದೆ ಕೂತಿತ್ತು. ನಮ್ಮ ಹುಡುಗಿ ಅದನ್ನು ಎತ್ತಿ ಕೊಟ್ಟಿಗೆ ಬಾಗಿಲ ಗೂಟಕ್ಕೆ, ದರಕಿನ ಹೆಡಿಗೆ ಇರುವ ಜಾಗದಲ್ಲೇ ದಾರ ಕಟ್ಟಿ ನೇತುಹಾಕುತ್ತಾ ಹೋದಳು. ಹೆಡಿಗೆ ತೆಗೆಯಲು ಹೋದವರ ಕೈಗೆ ಬಾಟ್ಲಿ ತಾಗಲೇಬೇಕು. ವಾಪಸ್ ಬಂದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ ಎಂದು ಹೇಳುವುದು ಸುಲಭವಾಯಿತು. ನಮ್ಮ ಕಡೆ ಬಚ್ಚಲ ಹಂಡೆಯಲ್ಲಿ ಬಿಸಿನೀರಿಗೆ ಬರವಿಲ್ಲವಲ್ಲ!

ಕಷ್ಟವಾದದ್ದು ಸತ್ತ ಮಂಗದ ವಿಷಯ. ಮಂಗ ಸತ್ತರೆ ಹನುಮಂತ ಅಂತ ಹೂವಿನ ಹಾರ ಹಾಕಿ, ಕೈಯಾರೆ ಹೊತ್ತು ಮಣ್ಣು ಮಾಡುವ ಪದ್ಧತಿ ನಮ್ಮಲ್ಲಿದೆ. ಅದನ್ನು ಮೂಢನಂಬಿಕೆ ಅನ್ನಲು ನನ್ನ ನಾಲಿಗೆ ಏಳಲಿಲ್ಲ. "ದೂರದಿಂದಲೇ ಕೈ ಮುಗೀರಿ, ಮುಟ್ಟಬೇಡಿ, ಪಂಚಾಯ್ತಿಗೋ ಆಸ್ಪತ್ರೆಗೋ ತಿಳಿಸಿ. ಅವರು ಪುಡಿ ಹೊಡೆದು ಸುಡ್ತಾರೆ. ದಹನ ಆದ್ರೂ ಸಂಸ್ಕಾರವೇ ಅಲ್ವಾ?" ಅಂದೆ. ಅದು ಜನರಿಗೆ ಒಪ್ಪಿಗೆಯಾಯಿತು.

ಒಂದು ಭಾನುವಾರ ಬಿಡುವು ಸಿಕ್ಕಿತು. ಕೊಡಚಾದ್ರಿ ನೋಡಬೇಕು ಅಂದಳು. ಇಬ್ಬರೂ ಕೈಕಾಲಿಗೆ ಎಣ್ಣೆ ಬಳಿದುಕೊಂಡು ಜೀಪು ಹತ್ತಿದೆವು. 1343 ಮೀಟರ್ ಎತ್ತರದ ಬೆಟ್ಟ. ಜೀಪಿನ ಕುಲುಕಾಟಕ್ಕೆ ನನ್ನ ಸೊಂಟದ ಕತೆ ಮುಗಿದಿತ್ತು! ಸರ್ವಜ್ಞ ಪೀಠದ ಹತ್ತಿರ ನಿಂತರೆ ಮೈಯೆಲ್ಲ ಗಾಳಿ. ಪಶ್ಚಿಮಕ್ಕೆ ಕಡಲಿನ ಗೆರೆ. ಇನ್ನೊಂದು ಕಡೆ ಮಡಿಕೆ ಮಡಿಕೆಯಾಗಿ ಕಾಡು. "ಇಷ್ಟು ಚಂದದ ಕಾಡಲ್ಲಿ ಇಂಥ ಕಾಯಿಲೆ ಯಾಕೆ ಬಂತು?" ಅಂತ ಕೇಳಿದಳು.

ಅವಳಿಗೆ ಹೋರ್ಗೆ ಬೊಶೆಲ್ ಎಂಬ ಕೊಲಂಬಿಯಾ ದೇಶದ ವೈದ್ಯ ವಿಜ್ಞಾನಿಯ ಕತೆ ಹೇಳಿದೆ. ತಮ್ಮ ದೇಶದಲ್ಲಿ ಅವರು ಕಾಡಿನ ಹಳದಿ ಜ್ವರದ ಮೂಲ ಹುಡುಕುತ್ತಿದ್ದಾಗ, ಮರ ಕಡಿಯುವವರು ಮರ ಉರುಳಿಸಿದ ಕೂಡಲೇ ಅದರ ತುದಿಯಲ್ಲಿದ್ದ ನೀಲಿ ಸೊಳ್ಳೆಗಳು ಮುತ್ತಿಕೊಂಡದ್ದನ್ನು ನೋಡಿದರಂತೆ. ಮರದ ತುದಿಯಲ್ಲಿ ಮಂಗಗಳ ನಡುವೆ ಇದ್ದ ಕಾಯಿಲೆ ಮನುಷ್ಯನ ಹತ್ತಿರ ಬರುವ ದಾರಿ ಅವರಿಗೆ ಅಲ್ಲಿ ಕಂಡಿತು. ಅದೇ ಬೊಶೆಲ್ 1960ರ ದಶಕದಲ್ಲಿ ನಮ್ಮ ಸಾಗರಕ್ಕೆ ಬಂದು, ಪುಣೆ ಕೇಂದ್ರದ ಕ್ಷೇತ್ರ ಕಚೇರಿಯಲ್ಲಿದ್ದುಕೊಂಡು ಈ ಕಾಡುಗಳನ್ನು ಸುತ್ತಿದರು. ಕಾಡು ಕಡಿದು ಗದ್ದೆ, ಊರು ಮಾಡಿಕೊಂಡು ಅಂಚಿನಲ್ಲಿ ದನ ಮೇಯಿಸುವುದು ಹೆಚ್ಚಾದಾಗ, ದನದ ರಕ್ತ ಕುಡಿದು ಉಣುಗು ಹೆಚ್ಚಿತು, ಕಾಡಿನೊಳಗೆ ಸುಮ್ಮನಿದ್ದ ಕಾಯಿಲೆ ಹೊರಗೆ ಬಂತು ಎಂದು 1969ರಲ್ಲಿ ಬರೆದರು.

ಬೆಟ್ಟದಿಂದಿಳಿದ ಮೇಲೂ ಆ ಮಾತು ನಮ್ಮನ್ನು ಬಿಡಲಿಲ್ಲ. ಮಾರನೇ ದಿನ ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿ ತುಮರಿ ಕಡೆಗೆ ದಾಟುವಾಗ ಅವಳಿಗೆ ಶರಾವತಿ ಹಿನ್ನೀರು ತೋರಿಸಿದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನೀರಿನಡಿ ಮನೆ, ಗದ್ದೆ ಕಳೆದುಕೊಂಡ ಎಷ್ಟೋ ಕುಟುಂಬ ಕಾಡಿನಂಚಿಗೆ ಸರಿದು ಮತ್ತೆ ಬದುಕು ಕಟ್ಟಿದವು. ಊರಿಗೆಲ್ಲ ದೀಪ ಕೊಟ್ಟವರು ಅವರು. ದರಕಿಗೆ ಹೋಗುವವರೂ, ಉಣುಗಿನಿಂದ ಕಚ್ಚಿಸಿಕೊಳ್ಳುವವರೂ ಅವರ ಮಕ್ಕಳು ಮೊಮ್ಮಕ್ಕಳೇ. (ಈಗ ಅಲ್ಲಿ ಲಾಂಚ್ ಕಾಯಬೇಕಿಲ್ಲ, 2025ರ ಜುಲೈನಲ್ಲಿ ಸೇತುವೆ ಉದ್ಘಾಟನೆಯಾಗಿದೆ.)

ಆ ಲಾಂಚಿನಲ್ಲೇ ಹುಡುಗಿ ನನಗೆ ಒಂದು ಪ್ರಶ್ನೆ ಕೇಳಿದಳು. "ಎರಡನೇ ಸೂಜಿಗೆ ಯಾರಿರ್ತಾರೆ ದೊಡ್ಡಮ್ಮ? ಗ್ವಾಟೆಮಾಲಾದಲ್ಲಿ ನಾವು ಬಿಪಿ ಮಾತ್ರೆ ಒಂದು ತಿಂಗಳಿಗೆ ಕೊಟ್ಟು ಬಂದ್ವಿ. ಆಮೇಲೆ ಏನಾಯ್ತು ಅಂತ ಗೊತ್ತಿಲ್ಲ. ಇಲ್ಲೂ ನಾನು ಮುಂದಿನ ವಾರ ಹೊರಟ್ಹೋಗ್ತೀನಿ."

ನಾನು ಎದುರಿಗೆ ಕೂತಿದ್ದ ಆಶಾ ಕಾರ್ಯಕರ್ತೆಯನ್ನು ತೋರಿಸಿದೆ. ಅವಳ ಮಡಿಲಲ್ಲಿ ಮೂಲೆ ಸವೆದ ಒಂದು ನೋಟ್‌ಬುಕ್. ಯಾವ ಮನೆಯಲ್ಲಿ ಎಷ್ಟು ಜನ, ಯಾರಿಗೆ ಎಷ್ಟನೇ ಸೂಜಿ, ಯಾರ ಮನೆಯಲ್ಲಿ ಬಸುರಿ, ಯಾರಿಗೆ ಸಕ್ಕರೆ ಕಾಯಿಲೆ, ಎಲ್ಲ ಅದರಲ್ಲಿತ್ತು. ಹುಡುಗಿ ಉಳಿದ ದಿನಗಳನ್ನೆಲ್ಲ ಅವಳ ಹಿಂದೆಯೇ ನಡೆದು, ಎರಡನೇ ಸೂಜಿಯ ತಾರೀಖನ್ನು ಮನೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿ ಗುರುತು ಮಾಡಿ ಕಳೆದಳು.

ಫೆಬ್ರವರಿಯಲ್ಲಿ ನಾನೊಬ್ಬಳೇ ಮತ್ತೆ ಹೋದೆ. ಆ ಚಪ್ಪರದವರಲ್ಲಿ ಇಬ್ಬರನ್ನು ಬಿಟ್ಟು ಎಲ್ಲರೂ ಬಂದಿದ್ದರು. ಬಾರದವರಲ್ಲಿ ಒಬ್ಬಳು ಅದೇ ಅಮ್ಮ. ಬೇರೆ ಊರಿನ ತೋಟಗಳಲ್ಲಿ ಕೊನೆ ಕೊಯ್ಯುತ್ತಿದ್ದ ಅವಳ ಮಗನಿಗೆ ಜ್ವರ ಬಂದಿತ್ತು, ಅವನು ಲಸಿಕೆ ಹಾಕಿಸಿಕೊಂಡಿರಲಿಲ್ಲ. ಎರಡನೇ ದಿನಕ್ಕೇ ಆಶಾ ಕಾರ್ಯಕರ್ತೆ ಗುರುತಿಸಿ ರಕ್ತ ಪರೀಕ್ಷೆಗೆ ಕಳಿಸಿ, ಆಂಬುಲೆನ್ಸ್ ಹತ್ತಿಸಿದ್ದರಿಂದ ಜೀವ ಉಳಿಯಿತು. ತಾಯಿ ಆಸ್ಪತ್ರೆಯಲ್ಲಿ ಮಗನ ಕಾಲ ಬುಡದಲ್ಲೇ ಇದ್ದಳು. ಊರಿಗೆ ಬಂದ ಮರುದಿನ ತಾನಾಗಿಯೇ ಬಂದು ಎರಡನೇ ಸೂಜಿ ಹಾಕಿಸಿಕೊಂಡಳಂತೆ. ಏಪ್ರಿಲ್‌ನಲ್ಲಿ ಸಿಕ್ಕಾಗ ನನ್ನ ಕೈ ಹಿಡಿದು ಹೇಳಿದಳು, "ನನ್ನ ಕೈನೋವು ಎರಡು ದಿನ ಅಮ್ಮಾ. ಅವ ಮರ ಹತ್ತದೆ ಎರಡು ತಿಂಗಳಾತು. ಇವತ್ತಿಗೂ ನಿಂತ್ರೆ ಕಾಲು ನಡುಗ್ತದೆ."

ಆ ಹಳೆಯ ಲಸಿಕೆಯ ಬಳಕೆ ಈಗ ನಿಂತಿದೆ, ಹೊಸದರ ಕೆಲಸ ನಡೆದಿದೆ. ಎಣ್ಣೆಯೂ ಬದಲಾಗಿದೆ, ಈಗ ಡೇಪಾ ಎಣ್ಣೆ ಕೊಡುತ್ತಾರೆ. ಲಸಿಕೆ ಇಲ್ಲದ ಈ ಹೊತ್ತಿನಲ್ಲಿ ಎಣ್ಣೆ, ಮೈತುಂಬ ಬಟ್ಟೆ, ಬಿಸಿನೀರ ಸ್ನಾನವೇ ನಮ್ಮ ರಕ್ಷೆ. ಹಾಗಾಗಿ ಮಲೆನಾಡಿನ ಅಕ್ಕತಂಗಿಯರಲ್ಲಿ ಒಂದು ಮಾತು. ದೀಪಾವಳಿ ಮುಗಿಯುತ್ತಿದ್ದಂತೆ ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ ಎಣ್ಣೆ ತನ್ನಿ, ನಿಮ್ಮ ಮನೆಗೆ ದರಕು ತರುವವರಿಗೂ ಕೊಡಿ. ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂದರೆ ಮಾತ್ರೆ ನುಂಗಿ ಮಲಗಲು ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬಾಟ್ಲಿಯನ್ನು ಮಾತ್ರ ದೇವರ ಗೂಡಿನ ಪಕ್ಕ ಇಡಬೇಡಿ. ಕೊಟ್ಟಿಗೆ ಬಾಗಿಲ ಗೂಟಕ್ಕೆ ನೇತುಹಾಕಿ, ಹೆಡಿಗೆಯ ಜೊತೆಗೆ.